ಹದಿನೈದು ದಿನದ ಹೃದಯತಜ್ಞರು

ಗೆ,
ಪಠ್ಯಕ್ರಮ ರೂಪಿಸುವ ಮಾನ್ಯ ಸದಸ್ಯರು,
ರಾಷ್ಟ್ರೀಯ ವೈದ್ಯಕೀಯ ಆಯೋಗ, ನವದೆಹಲಿ

ಮಾನ್ಯರೇ,

ಎಂಬಿಬಿಎಸ್ ಓದುವ ಮಕ್ಕಳು ಕಾರ್ಡಿಯಾಲಜಿ, ನ್ಯೂರಾಲಜಿಯಂಥ ಸೂಪರ್ ಸ್ಪೆಷಾಲಿಟಿಗಳಲ್ಲಿ ತಾವೇ ಆರಿಸಿಕೊಳ್ಳುವ ಕಿರು ತರಬೇತಿಗೆ, ಅಂದರೆ ಎಲೆಕ್ಟಿವ್‌ಗೆ ಯಾವಾಗ ಹೋಗಬೇಕು ಎಂಬ ಜಟಿಲ ಪ್ರಶ್ನೆಯನ್ನು ನಿಮ್ಮ ನಿಯಮಾವಳಿ ಒಂದೇ ಸಾಲಿನಲ್ಲಿ ಬಗೆಹರಿಸಿದೆ: ಮೂರನೇ ಎಂಬಿಬಿಎಸ್‌ನ ಪಾರ್ಟ್ ಒನ್ ಪರೀಕ್ಷೆ ಮುಗಿದ ಮೇಲೆ, ಪಾರ್ಟ್ ಟೂ ಶುರುವಾಗುವ ಮೊದಲು. ಜನರಲ್ ಮೆಡಿಸಿನ್ ಕಲಿಸುವ ಮೇಷ್ಟ್ರಾಗಿ ನಿಮಗೆ ಹಾರ್ದಿಕ ಅಭಿನಂದನೆ. ಇಡೀ ಕೋರ್ಸಿನಲ್ಲಿ ವಿದ್ಯಾರ್ಥಿಯ ಸೂಟ್‌ಕೇಸು ತಾನಾಗಿ ತುಂಬಿಕೊಳ್ಳುವ ದಿನಗಳು ಯಾವುವೆಂದು ಹುಡುಕಿ ಹುಡುಕಿ ಅಲ್ಲಿಗೇ ಇದನ್ನು ಕೂರಿಸಿದ್ದೀರಿ. ಪರೀಕ್ಷೆ ಮುಗಿದಿದೆ, ರಾಯಚೂರಿನ ಹುಡುಗನಿಗೂ ಕುಂದಾಪುರದ ಹುಡುಗಿಗೂ ಬಸ್ಸಿನ ಟಿಕೆಟ್ ಬುಕ್ಕಾಗಿದೆ. ಆಗ ನಾವು ಹೇಳಬೇಕು: ನಿಲ್ಲಪ್ಪಾ, ನಿಲ್ಲಮ್ಮಾ, ಮೊದಲು ಆಂಜಿಯೋಪ್ಲಾಸ್ಟಿ ನೋಡಿ ಹೋಗಿ.

ಮೆಡಿಸಿನ್, ಸರ್ಜರಿ, ಹೆರಿಗೆ, ಮಕ್ಕಳ ಕಾಯಿಲೆ, ಈ ನಾಲ್ಕೂ ದೊಡ್ಡ ವಿಷಯಗಳ ಪರೀಕ್ಷೆ ಪಾರ್ಟ್ ಟೂನಲ್ಲಿದೆ. ಅಂದರೆ ಅವುಗಳ ಗಂಭೀರ ಓದು ಇನ್ನೂ ಮುಂದಿದೆ. ಮಕ್ಕಳು ಎರಡನೇ ವರ್ಷದಿಂದಲೇ ವಾರ್ಡಿಗೆ ಬರುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೂ ಎದೆಗೆ ಸ್ಟೆಥಾಸ್ಕೋಪ್ ಇಟ್ಟಾಗ ಕೇಳುವ ಮರ್ಮರ್ ಸಿಸ್ಟೋಲಿಕ್ಕೋ ಡಯಾಸ್ಟೋಲಿಕ್ಕೋ ಎಂದು ಪಕ್ಕದವನ ಮುಖ ನೋಡುವ ಹಂತವಿದು. ಅಂಥವನನ್ನು ಕ್ಯಾತ್‌ಲ್ಯಾಬಿನ ಗಾಜಿನಾಚೆ ನಿಲ್ಲಿಸಿ (ಸೀಸದ ಏಪ್ರನ್ ಎಲ್ಲರಿಗೂ ಎಲ್ಲಿಂದ ತರುವುದು?) ‘ಕಲಿ’ ಎನ್ನುವುದು ಅಡಿಪಾಯಕ್ಕೆ ಮುಂಚೆ ಕಳಸ ಇಟ್ಟಂತೆ. ಒಂದು ಅನುಕೂಲವಂತೂ ಉಂಟು: ಏನೂ ಅರ್ಥವಾಗದಿದ್ದರಿಂದ ಆತ ಪ್ರಶ್ನೆ ಕೇಳುವುದಿಲ್ಲ, ಕಾರ್ಡಿಯಾಲಜಿಸ್ಟರ ಕೆಲಸ ಕೆಡುವುದಿಲ್ಲ.

ಅವಧಿಯ ವಿಷಯದಲ್ಲೂ ನಿಮ್ಮ ಮಿತವ್ಯಯ ಮೆಚ್ಚತಕ್ಕದ್ದು. 2019ರ ಪಠ್ಯಕ್ರಮದಲ್ಲಿ ಎರಡು ತಿಂಗಳಿತ್ತು, ನಾಲ್ಕು ನಾಲ್ಕು ವಾರದ ಎರಡು ಕಂತು. ಆಗ ನೀವಿನ್ನೂ ಹುಟ್ಟಿರಲಿಲ್ಲ, ನಿಮ್ಮ ಹಿರೀಕರಾದ ಭಾರತೀಯ ವೈದ್ಯಕೀಯ ಮಂಡಳಿಯವರ ಕಾಲ ಅದು. 2023ರಲ್ಲಿ ನೀವು ಅದನ್ನು ಅರ್ಧಕ್ಕಿಳಿಸಿ ತಲಾ ಹದಿನೈದು ದಿನ ಮಾಡಿದಿರಿ. ಮೊದಲ ಹದಿನೈದು ದಿನ ಪ್ರಯೋಗಾಲಯದಲ್ಲೋ ಸಂಶೋಧಕರ ಕೈಕೆಳಗೋ, ಮುಂದಿನ ಹದಿನೈದು ದಿನ ಕ್ಲಿನಿಕಲ್ ವಿಭಾಗದಲ್ಲಿ. ಹದಿನೈದು ದಿನದಲ್ಲಿ ಸಂಶೋಧನೆ! ನಮ್ಮಲ್ಲಿ ಎಥಿಕ್ಸ್ ಕಮಿಟಿಯ ಸಭೆಗೆ ದಿನಾಂಕ ಗೊತ್ತುಮಾಡುವುದಕ್ಕೂ ಅಷ್ಟು ದಿನ ಸಾಲುವುದಿಲ್ಲ.

ಎಲ್ಲಿಗೆ ಹೋಗಬೇಕೆನ್ನುವುದು ವಿದ್ಯಾರ್ಥಿಯ ಇಷ್ಟ. ಆ ಇಷ್ಟಗಳ ಪಟ್ಟಿಯನ್ನು, ಒಂದೊಂದು ಇಷ್ಟಕ್ಕೆ ಎಷ್ಟು ಜನ ಎಂಬುದನ್ನೂ ಸೇರಿಸಿ, ಕಾಲೇಜು ಮೊದಲೇ ಸಿದ್ಧಪಡಿಸಿಡಬೇಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಕಿದ್ವಾಯಿ ಇದೆ, ಜಯದೇವ ಇದೆ. ಜಯದೇವ ಮೈಸೂರಿಗೂ ಕಲಬುರಗಿಗೂ ಬಂದಿದೆ. ಆದರೆ ನರರೋಗ ವಿಭಾಗವೇ ಇಲ್ಲದ ಜಿಲ್ಲಾ ಕೇಂದ್ರದ ಕಾಲೇಜಿನ ಹುಡುಗಿಗೆ ನ್ಯೂರಾಲಜಿ ಮೇಲೆ ಮನಸ್ಸಾದರೆ? ಪಟ್ಟಿಯಲ್ಲಿ ಬ್ಲಡ್ ಬ್ಯಾಂಕ್ ಇದೆಯಲ್ಲ, ಅದರ ಮೇಲೆ ಮನಸ್ಸು ಮಾಡಿಕೊಳ್ಳಲಿ. ಗೂಗಲ್ ಫಾರ್ಮ್ ತೆರೆದ ಕೂಡಲೇ ಕಾರ್ಡಿಯಾಲಜಿ ತುಂಬಿಹೋಗುತ್ತದೆ. ನೆಟ್‌ವರ್ಕ್ ಚೆನ್ನಾಗಿರುವ ಹಾಸ್ಟೆಲ್ ಕೋಣೆಯವರೇ ಭಾವೀ ಹೃದಯತಜ್ಞರು.

ಇದೆಲ್ಲ ಮಕ್ಕಳು ತಮ್ಮ ದಾರಿ ಕಂಡುಕೊಳ್ಳಲೆಂದು ತಾನೇ? ದಾರಿ ಹೀಗಿದೆ: ಫೈನಲ್ ಇಯರ್, ಒಂದು ವರ್ಷ ಇಂಟರ್ನ್‌ಶಿಪ್, ನೀಟ್ ಪಿಜಿ, ಮೂರು ವರ್ಷ ಎಂಡಿ, ನೀಟ್ ಎಸ್‌ಎಸ್, ಮತ್ತೆ ಮೂರು ವರ್ಷ ಡಿಎಂ. ಈ ದಾರಿಯ ಮೊದಲ ದೊಡ್ಡ ತಿರುವು ನಿಂತಿರುವುದು ಒಲವಿನ ಮೇಲಲ್ಲ, 200 ಪ್ರಶ್ನೆಗಳ ಒಂದು ಪತ್ರಿಕೆಯ ಮೇಲೆ. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಕೌನ್ಸೆಲಿಂಗ್ ಪರದೆಯ ಮುಂದೆ ಕೂತಾಗ ಅವರ ಆಸಕ್ತಿ ಏನೆಂದು ರ‍್ಯಾಂಕೇ ತಿಳಿಸಿಕೊಡುತ್ತದೆ. ಆದ್ದರಿಂದ ನನ್ನದೊಂದು ವಿನಮ್ರ ಸಲಹೆ: ಎಲೆಕ್ಟಿವನ್ನು ಸೀಟು ಹಂಚಿಕೆಯಾದ ಮೇಲಿಡಿ. ಡರ್ಮಟಾಲಜಿಗೆ ಹಂಬಲಿಸಿ ಅನಾಟಮಿ ಸಿಕ್ಕವರಿಗೆ, ಅನಾಟಮಿಯೇ ತಮ್ಮ ಬಾಲ್ಯದ ಕನಸೆಂದು ಮನವರಿಕೆ ಮಾಡಿಕೊಡಲು ಹದಿನೈದು ದಿನ ಧಾರಾಳವಾಯಿತು.

ಅಮೆರಿಕದಲ್ಲಿ ನಾಲ್ಕನೇ ವರ್ಷದ ವೈದ್ಯಕೀಯ ವಿದ್ಯಾರ್ಥಿಗಳು ಎಲೆಕ್ಟಿವ್‌ಗೆ ಜುಲೈ, ಆಗಸ್ಟ್, ಸೆಪ್ಟೆಂಬರ್ ತಿಂಗಳೇ ಬೇಕೆಂದು ಗುದ್ದಾಡುತ್ತಾರೆ. ಸೆಪ್ಟೆಂಬರ್ ಕೊನೆಗೆ ಅವರ ರೆಸಿಡೆನ್ಸಿ ಅರ್ಜಿಗಳು ಆಸ್ಪತ್ರೆಗಳ ಕೈ ಸೇರುತ್ತವೆ, ಅಷ್ಟರೊಳಗೆ ಹಿರಿಯ ವೈದ್ಯರ ಶಿಫಾರಸು ಪತ್ರ ಬೇಕು. ಅಲ್ಲಿಗೆ ಎಲೆಕ್ಟಿವ್‌ಗೆಂದು ಹೊರಡುವ ನಮ್ಮ ಮಕ್ಕಳೂ ವಿದ್ಯಾರ್ಥಿಗಳಾಗಿರುವಾಗಲೇ ಹೋಗಬೇಕು. ಪದವಿ ಬಂದ ಮೇಲೆ ಸಾಮಾನ್ಯವಾಗಿ ಕೈಕಟ್ಟಿ ನೋಡುವ ಅಬ್ಸರ್ವರ್‌ಶಿಪ್ಪೇ ಗತಿ. ನಮ್ಮಲ್ಲಿ ಆ ತಲೆನೋವಿಲ್ಲ. ನಾನು ಬರೆದ ಶಿಫಾರಸು ಪತ್ರ ಓದುವವರಾದರೂ ಯಾರಿದ್ದಾರೆ?

ಇಲ್ಲಿರುವುದು ಲಾಗ್‌ಬುಕ್. ಅದಿಲ್ಲದೆ ಫೈನಲ್ ಪರೀಕ್ಷೆಗೆ ಕೂರುವಂತಿಲ್ಲ. ‘ಏನಾಯಿತು, ಅದರಿಂದೇನು, ಮುಂದೇನು’ ಎಂಬ ಚೌಕಟ್ಟಿನಲ್ಲಿ ರಿಫ್ಲೆಕ್ಷನ್ ಬರೆಯಬೇಕು. ಬರೆಯುತ್ತಾರೆ. ಹೋದ ವರ್ಷ ಸೀನಿಯರ್‌ಗೆ ಯಾವ ರೋಗಿಯ ಕಣ್ಣೀರು ಕಂಡು ಜ್ಞಾನೋದಯವಾಗಿತ್ತೋ, ಈ ವರ್ಷ ಅದೇ ರೋಗಿಯ ಅದೇ ಕಣ್ಣೀರು ಜೂನಿಯರ್‌ಗೂ ಜ್ಞಾನೋದಯ ಮಾಡಿಸುತ್ತದೆ. ಆ ಪುಣ್ಯಾತ್ಮ ಇನ್ನೂ ಡಿಸ್ಚಾರ್ಜ್ ಆಗಿಲ್ಲ.

ತಮಾಷೆ ಬಿಟ್ಟು ಎರಡು ಮಾತು. ಎಂಬಿಬಿಎಸ್ ಮಕ್ಕಳನ್ನು ಕಾರ್ಡಿಯಾಲಜಿಗೆ ಕಳಿಸುವುದು ಅವರನ್ನು ಕಾರ್ಡಿಯಾಲಜಿಸ್ಟ್ ಮಾಡಲಿಕ್ಕಲ್ಲ. ನಾಳೆ ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಇಸಿಜಿ ಹಿಡಿದು ನಿಂತಾಗ ಯಾರನ್ನು ಕೂಡಲೇ ಆಂಬುಲೆನ್ಸ್ ಹತ್ತಿಸಬೇಕು, ಯಾರಿಗೆ ಮೊದಲು ಇಲ್ಲೇ ಇಂಜೆಕ್ಷನ್ ಕೊಟ್ಟು ಆಮೇಲೆ ಕಳಿಸಬೇಕು, ಯಾರನ್ನು ಸಮಾಧಾನ ಹೇಳಿ ಮನೆಗೆ ಕಳಿಸಬಹುದು, ಅಷ್ಟು ತಿಳಿದರೆ ಸಾಕು. ಅದು ತಿಳಿಯಬೇಕಾದರೆ ಮೊದಲು ಜನರಲ್ ವಾರ್ಡಿನಲ್ಲಿ ಎದೆನೋವಿನ ರೋಗಿಗಳ ಮುಂದೆ ತಾನೇ ತಬ್ಬಿಬ್ಬಾಗಿರಬೇಕು. ಹಾಗಾಗಿ ಪಾರ್ಟ್ ಟೂ ನಡುವೆ, ಮೆಡಿಸಿನ್ ಮತ್ತು ಸರ್ಜರಿ ಪೋಸ್ಟಿಂಗ್ ಮುಗಿದ ಮೇಲೆ, ಒಂದೇ ವಿಭಾಗದಲ್ಲಿ ನಾಲ್ಕು ವಾರ ಬಿಡುವಿಲ್ಲದೆ ಕೊಡಿ. ಬೇರೆ ಊರಿನ ಆಸ್ಪತ್ರೆಗೆ ಹೋಗುವವರಿಗೆ ಅಲ್ಲಿನ ಹಾಸ್ಟೆಲಿನಲ್ಲಿ ಒಂದು ಮಂಚ ಕೊಡಿಸಿ. ನೀಟ್ ಪಿಜಿಯ ಭೂತ ಆಗಲೂ ಬೆನ್ನಿಗಿರುತ್ತದೆ, ಆದರೆ ಇಂಟರ್ನ್‌ಶಿಪ್‌ನಲ್ಲಿ ಇರುವಷ್ಟು ಹತ್ತಿರ ಇರುವುದಿಲ್ಲ.

ಇಂತಿ ನಿಮ್ಮ ವಿಧೇಯ,
ಲಾಗ್‌ಬುಕ್ಕುಗಳಿಗೆ ಸಹಿ ಹಾಕುವ ಒಬ್ಬ ಮೇಷ್ಟ್ರು

ವಿ.ಸೂ.: ಎಲೆಕ್ಟಿವ್‌ಗೆ ಶೇ. 75 ಹಾಜರಾತಿ ಕಡ್ಡಾಯ ಎಂದಿದ್ದೀರಿ. ಹದಿನೈದು ದಿನದ ಮುಕ್ಕಾಲು ಭಾಗ ಎಂದರೆ ಹನ್ನೊಂದೂಕಾಲು ದಿನ. ಆ ಕಾಲು ದಿನವನ್ನು ಬೆಳಗಿನ ರೌಂಡ್ಸ್ ಹೊತ್ತಿನಲ್ಲಿ ಹಿಡಿಯಬೇಕೋ, ಊಟದ ನಂತರ ಹಿಡಿಯಬೇಕೋ ಎಂದು ನಮ್ಮ ಆಫೀಸಿನ ಗುಮಾಸ್ತರು ಕೇಳುತ್ತಿದ್ದಾರೆ. ದಯವಿಟ್ಟು ಸುತ್ತೋಲೆ ಹೊರಡಿಸಿ.