ಪಿತ್ತಗಂಧೆ ಮೀಮಾಂಸೆ ಅರ್ಥಾತ್ ಬದನೆಕಾಯಿಯ ಮೇಲಿನ ಆರೋಪಗಳ ವಿಚಾರಣೆ

ಪಿತ್ತದ ಗಂಧೆ ಆರು ದರ್ಶನಗಳಿಗೂ ನಿಲುಕದ ಪದಾರ್ಥ. ಸತ್ಯವೆನ್ನೋಣವೆಂದರೆ ಸಂಜೆಯ ಹೊತ್ತಿಗೆ ಇರುವುದಿಲ್ಲ, ಮಾಯೆಯೆನ್ನೋಣವೆಂದರೆ ತುರಿಸುತ್ತದೆ. ಆದಕಾರಣ ಹಿಂದಿನ ಆಚಾರ್ಯರು ಇದರ ಗೊಡವೆಗೆ ಹೋಗದೆ ಬ್ರಹ್ಮವಸ್ತುವಿನಂಥ ಸುಲಭ ವಿಷಯಗಳನ್ನು ಎತ್ತಿಕೊಂಡರೆಂದು ಊಹಿಸಬೇಕಾಗಿದೆ.

ಮೊದಲು ಲಕ್ಷಣ. ದಿಢೀರನೆ ಎದ್ದು, ನಡುವೆ ಬಿಳಿಚಿ, ಸುತ್ತ ಕೆಂಪೇರಿ, ವಿಪರೀತ ತುರಿಸಿ, ಒಂದೊಂದೂ 24 ಗಂಟೆಯೊಳಗೆ ಗುರುತು ಉಳಿಸದೆ ಇಳಿದುಹೋಗುವಂಥದು ಗಂಧೆ. ತೋಳಿನದು ಇಳಿಯುವಷ್ಟರಲ್ಲಿ ತೊಡೆಯದು ಎದ್ದಿರುತ್ತದೆ, ಆದ್ದರಿಂದ ಲಕ್ಷಣದಲ್ಲಿ ‘ಒಂದೊಂದೂ’ ಎಂಬ ಪದ ವ್ಯರ್ಥವಲ್ಲ. ಒಂದೇ ಗಂಧೆ ಒಂದೇ ಜಾಗದಲ್ಲಿ ದಿನ ದಾಟಿ ನಿಂತು, ತುರಿಕೆಗಿಂತ ನೋವೇ ಹೆಚ್ಚಾಗಿ, ಕಂದುಕಲೆ ಬಿಟ್ಟುಹೋದರೆ ಅದು ರಕ್ತನಾಳಗಳ ಉರಿಯೂತವಿರಬಹುದು. ಅಲ್ಲಿ ಮೀಮಾಂಸೆ ಬಿಟ್ಟು ಚರ್ಮದ ಚೂರು ತೆಗೆಸಿ ಪರೀಕ್ಷೆಗೆ ಕಳಿಸಬೇಕು. ಇನ್ನು ರಾತ್ರಿಯೆಲ್ಲ ಕುಣಿದ ಗಂಧೆ ಬೆಳಿಗ್ಗೆ ಡಾಕ್ಟರ ಮುಂದೆ ಕೂತೊಡನೆ ಅಂತರ್ಧಾನವಾಗುವುದು ಪ್ರಸಿದ್ಧವೇ ಇದೆ. ಪ್ರತ್ಯಕ್ಷಕ್ಕೂ ಅನುಮಾನಕ್ಕೂ ಸಿಗದ ಇದಕ್ಕಾಗಿ ನವೀನರು ಮೊಬೈಲ್ ಫೋಟೋ ಎಂಬ ಹೊಸ ಪ್ರಮಾಣವನ್ನು ಅಂಗೀಕರಿಸಿದ್ದಾರೆ.

ಕಾಲಭೇದದಿಂದ ಗಂಧೆ ಎರಡು ಬಗೆ. 6 ವಾರದೊಳಗೆ ಹೊರಟುಹೋದರೆ ಅತಿಥಿ, ದಾಟಿದರೆ ಬಾಡಿಗೆದಾರ. ಅತಿಥಿಯನ್ನು ಕರೆತಂದವರು ಯಾರೆಂದು ಹಲವು ಸಲ ತಿಳಿಯುತ್ತದೆ: ಮಕ್ಕಳಲ್ಲಿ ಬಹುಮಟ್ಟಿಗೆ ನೆಗಡಿ ಜ್ವರದ ವೈರಸ್, ಉಳಿದಂತೆ ಯಾವುದೋ ಮಾತ್ರೆ, ಕಡಲೆಕಾಯಿ, ಸೀಗಡಿ, ಜೇನುಹುಳು. ಬಾಡಿಗೆದಾರನ ವಿಷಯದಲ್ಲೇ ಪಂಡಿತರಿಗೆ ಕಲಹ.

ಪೂರ್ವಪಕ್ಷಿಗಳಲ್ಲಿ ಬದನೆವಾದಿಗಳು ಅಗ್ರಗಣ್ಯರು. ‘ಬದನೆಕಾಯಿ ನಂಜು’ ಎಂಬ ಏಕವಾಕ್ಯವೇ ಇವರ ಸಮಸ್ತ ಶಾಸ್ತ್ರ. ವಾದಿರಾಜರ ಪ್ರಸಾದವೆಂದು ಪ್ರತೀತಿಯಿರುವ, ಭೌಗೋಳಿಕ ಸೂಚಕವನ್ನೂ ಪಡೆದ ಮಟ್ಟುಗುಳ್ಳಕ್ಕೂ ಇವರು ಜಾಮೀನು ಕೊಡುವುದಿಲ್ಲ. ಅದೃಷ್ಟವಶಾತ್ ಈ ಮೊಕದ್ದಮೆ ಮೈಸೂರಿನಲ್ಲಿ ಒಮ್ಮೆ ನಿಜವಾಗಿಯೇ ವಿಚಾರಣೆಗೆ ಬಂದಿತ್ತು. ಅಲ್ಲಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಭಾಗವಹಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬದನೆ ತಿಂದರೆ ಮೈಗೆ ಏನೋ ಆಗುತ್ತದೆ ಎಂದವರು ನೂರಕ್ಕೆ ಹತ್ತಿರಹತ್ತಿರ 10 ಮಂದಿ. ಪರೀಕ್ಷೆಯಲ್ಲಿ ನಿಜವಾದ ಅಲರ್ಜಿ ಕಂಡದ್ದು ಶೇ 0.8ರಷ್ಟು ಜನರಲ್ಲಿ. ಅಂದರೆ ಬದನೆ ಪೂರ್ತಿ ನಿರಪರಾಧಿಯೂ ಅಲ್ಲ, ಊರೆಲ್ಲ ಹೇಳುವಷ್ಟು ಪಾಪಿಯೂ ಅಲ್ಲ. ಇಷ್ಟಾದರೂ ಎಣ್ಣೆಗಾಯಿ ಬಿಟ್ಟು ವರ್ಷ ಕಳೆದ ರೋಗಿಗೆ ಗಂಧೆ ಏಳುತ್ತಲೇ ಇರುವುದನ್ನು ತೋರಿಸಿದರೆ, ‘ಹಳೇ ನಂಜು ಒಳಗೇ ಇದೆ’ ಎಂದು ಇವರು ಉತ್ತರಿಸುತ್ತಾರೆ. ಸೋಲಲಾಗದ ವಾದವೆಂದರೆ ಇದು.

ಕಂಬಳಿಪಂಥದವರು ಕರಿಕಂಬಳಿ ಹೊದಿಸಿ ಮೈ ಉಜ್ಜುತ್ತಾರೆ. ಚರ್ಮ ಗೀರಿದರೇ ಗಂಧೆ ಏಳುವ ಜಾತಿಯೊಂದಿದೆ, ಅಂಥವರ ಬೆನ್ನ ಮೇಲೆ ಬೆರಳುಗುರಿನಿಂದ ಹೆಸರು ಬರೆದರೆ ಕೆಲವೇ ನಿಮಿಷದಲ್ಲಿ ಉಬ್ಬಕ್ಷರದಲ್ಲಿ ಓದಬಹುದು. ಅವರಿಗೂ ಕಂಬಳಿಯೇ. ಚಿಕಿತ್ಸೆಯೇ ರೋಗವನ್ನು ಉತ್ಪಾದಿಸುವುದರಿಂದ ಈ ಪಂಥಕ್ಕೆ ಅನುಯಾಯಿಗಳ ಕೊರತೆ ಎಂದೂ ಬರದು. ಗಂಧೆಗೆ ಪುನರ್ಪುಳಿ ಕುಡಿಸುವ ಕರಾವಳಿ ಮಲೆನಾಡಿನ ಸಂಪ್ರದಾಯವನ್ನು ಮಾತ್ರ ಖಂಡಿಸಲು ನಮಗೆ ಮನಸ್ಸಿಲ್ಲ. ಗಂಧೆ ಇಳಿಯದಿದ್ದರೂ ಊಟ ಇಳಿಯುತ್ತದೆ.

ಈಗ ಸಿದ್ಧಾಂತ. ಚರ್ಮದಲ್ಲಿ ಮಾಸ್ಟ್ ಕೋಶಗಳೆಂಬವು ಇವೆ. ಪೌಲ್ ಎರ್ಲಿಕ್ 1878ರಲ್ಲಿ ಇವಕ್ಕೆ ನಾಮಕರಣ ಮಾಡಿದ. ಇವುಗಳ ಹೊಟ್ಟೆಯ ತುಂಬ ಹಿಸ್ಟಮಿನ್. ಕೆಣಕಿದರೆ ಅದನ್ನು ಹೊರಕ್ಕೆ ಸುರಿಯುತ್ತವೆ, ಸಣ್ಣ ರಕ್ತನಾಳಗಳು ಅಗಲವಾಗಿ ಸೋರುತ್ತವೆ, ಚರ್ಮ ಊದುತ್ತದೆ. ಕೆಣಕುವವರು ಯಾರು? ದೀರ್ಘಕಾಲದ ಗಂಧೆಯಲ್ಲಿ ಬಹಳ ಸಲ ರೋಗಿಯ ದೇಹವೇ ತಯಾರಿಸಿದ ಪ್ರತಿಕಾಯಗಳು. ಕಳ್ಳ ಮನೆಯವನೇ ಆದ್ದರಿಂದ ನೂರಾರು ತಿಂಡಿ ತಿನಿಸುಗಳ ಹೆಸರಿರುವ ಅಲರ್ಜಿ ಪ್ಯಾನೆಲ್ ಮಾಡಿಸಿದರೆ ಪ್ರಯೋಜನ ಲ್ಯಾಬಿನವರಿಗೆ. ಸಾಮಾನ್ಯ ರಕ್ತಪರೀಕ್ಷೆ, ಇಎಸ್‌ಆರ್ ಅಥವಾ ಸಿಆರ್‌ಪಿ, ಅನುಮಾನವಿದ್ದರೆ ಥೈರಾಯ್ಡ್ – ಇಷ್ಟಕ್ಕೆ ಸಾಮಾನ್ಯವಾಗಿ ಶಾಸ್ತ್ರಾರ್ಥ ಮುಗಿಯುತ್ತದೆ. ಚಳಿಗೆ ಏಳುವ ಗಂಧೆಗೆ ಮುಂಗೈ ಮೇಲೆ 5 ನಿಮಿಷ ಐಸ್ ಇಟ್ಟು ನೋಡುವ ಕ್ರಮವುಂಟು, ಅದೂ ವೈದ್ಯರ ಎದುರಿನಲ್ಲಿ.

ಚಿಕಿತ್ಸೆಯಲ್ಲಿ ರೋಗಿಗಳ ಸಾರ್ವತ್ರಿಕ ಪ್ರಮಾದವೊಂದಿದೆ: ಗಂಧೆ ಎದ್ದ ಮೇಲೆ ಮಾತ್ರೆ ಹುಡುಕುವುದು. ಆ್ಯಂಟಿಹಿಸ್ಟಮಿನ್ ದಿನಾ ನುಂಗುವಂಥದು. ನಮ್ಮ ಅಜ್ಜಂದಿರ ಕಾಲದ ಮಾತ್ರೆ ಗಂಧೆಗಿಂತ ಮೊದಲು ರೋಗಿಯನ್ನೇ ಮಲಗಿಸುತ್ತಿತ್ತು. ಸೆಟ್ರಿಜಿನ್, ಫೆಕ್ಸೊಫೆನಡಿನ್ ತಲೆಮಾರಿನವು ಅಷ್ಟಾಗಿ ಮಲಗಿಸುವುದಿಲ್ಲ. ಸಾಲದಿದ್ದರೆ ವೈದ್ಯರು ನಾಲ್ಕು ಪಟ್ಟಿನವರೆಗೂ ಏರಿಸುವುದುಂಟು, ಅದಕ್ಕೂ ಬಗ್ಗದಿದ್ದರೆ ಒಮಾಲಿಜುಮ್ಯಾಬ್ ಚುಚ್ಚುಮದ್ದು. ಸ್ಟಿರಾಯ್ಡ್ ನಾಲ್ಕು ದಿನದ ನೆಂಟ, ಉಳಿಸಿಕೊಂಡರೆ ಮನೆ ಹಾಳು. ಮೈಕೈ ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್ ನುಂಗಿ ಗಂಧೆ ಹೆಚ್ಚಿಸಿಕೊಂಡು ಬದನೆಯನ್ನು ಬೈಯುವವರ ಬಗ್ಗೆ ಬೇರೆಯೇ ಅಧ್ಯಾಯ ಬೇಕು.

ಇಲ್ಲೊಂದು ಕಡೆ ನಮ್ಮ ಪಾಂಡಿತ್ಯವನ್ನು ಬದಿಗಿಡುತ್ತೇವೆ. ಗಂಧೆಯ ಜೊತೆ ಉಸಿರು ಕಟ್ಟಿದರೆ, ನಾಲಗೆ ಗಂಟಲು ಊದಿದರೆ, ತಲೆ ಸುತ್ತಿ ಬಿದ್ದರೆ ಕಂಬಳಿಯೂ ಬೇಡ, ಸೆಟ್ರಿಜಿನ್ನೂ ಸಾಲದು. ತೊಡೆಗೆ ಅಡ್ರಿನಲಿನ್ ಚುಚ್ಚಬೇಕು, ತಕ್ಷಣ ಆಸ್ಪತ್ರೆಗೆ ಓಡಬೇಕು.

ಕೊನೆಯದಾಗಿ ಗಣಿತಖಂಡ. ರೋಗ ಎಷ್ಟು ಹತೋಟಿಯಲ್ಲಿದೆಯೆಂದು ತಿಳಿಯಲು ರೋಗಿ ದಿನಾ ಲೆಕ್ಕ ಬರೆಯಬೇಕು: 20ಕ್ಕಿಂತ ಕಡಿಮೆ ಗಂಧೆಗೆ 1 ಅಂಕ, 50ರವರೆಗೆ 2, ಮೀರಿದರೆ 3, ತುರಿಕೆಗೂ ಹಾಗೆಯೇ 3ರವರೆಗೆ. ಏಳು ದಿನಕ್ಕೆ ಪೂರ್ಣಾಂಕ 42, ಇಲ್ಲಿ ನಪಾಸಾದವನೇ ಭಾಗ್ಯವಂತ. ಆದರೆ ಬೆನ್ನ ಮೇಲಿನವನ್ನು ಎಣಿಸುವವರು ಯಾರೆಂಬುದಕ್ಕೆ ಮೂಲಗ್ರಂಥಗಳು ಮೌನ. ರೂಢಿಯಲ್ಲಿ ಈ ಅಧಿಕಾರ ಹೆಂಡತಿಯದು ಅಥವಾ ಗಂಡನದು. ಎರಡು ಗಂಧೆ ಕೂಡಿಕೊಂಡಿದ್ದರೆ ಒಂದೆಂದು ಬರೆಯಬೇಕೋ ಎರಡೆಂದೋ ಎಂಬುದರಲ್ಲಿ ದಂಪತಿಗಳಿಗೆ ಭಿನ್ನಾಭಿಪ್ರಾಯವಿದೆ. ವಾದ ಮುಗಿಯುವುದರೊಳಗೆ ಸಾಮಾನ್ಯವಾಗಿ ಎರಡೂ ಇಳಿದಿರುತ್ತವೆ.