ಗಣಕೂಟ ನೋಡದೆ ನಾಯಿ ಕೊಡುವುದಿಲ್ಲ

ಹುಣ್ಣಿಮೆಯ ದಿನ ಕೈವಾರದಲ್ಲಿ ಯಾರನ್ನೇ ಮಾತನಾಡಿಸಬೇಕೆಂದರೂ ಊಟದ ಪಂಕ್ತಿ ಏಳುವ ತನಕ ಕಾಯಬೇಕು. ಕೆಂಚಜ್ಜಿಯೂ ಇದಕ್ಕೆ ಹೊರತಲ್ಲ. ಎರಡು ಗಂಟೆಯ ಮೇಲೆ ಬಂದವರು, ಮೂತಿಗೆ ಅಂಟಿದ್ದ ಅನ್ನದ ಅಗುಳನ್ನು ನಾಲಿಗೆಯಲ್ಲೇ ಒಳಗೆಳೆದುಕೊಂಡು, ಟೀ ಅಂಗಡಿಯ ಬೆಂಚಿನ ಕೆಳಗೆ ಮೂರು ಸುತ್ತು ಸುತ್ತಿ ಕೂತರು. ವಯಸ್ಸು ಹನ್ನೊಂದು. ಬಣ್ಣ ಹೆಸರಿನಲ್ಲೇ ಇದೆ. ಒಂದು ಕಿವಿಯ ತುದಿ ಇಲ್ಲ. ಉದ್ಯೋಗ, ಸಂಬಂಧ ಕುದುರಿಸುವುದು. ರಾತ್ರಿ ಹೊತ್ತು ಬೆಂಗಳೂರಿನ ಕಡೆಯಿಂದ ಬಂದ ಕಾರುಗಳು ಇಂಜಿನ್ನೂ ಆರಿಸದೆ ಇಳಿಸಿಹೋಗುವ ನಾಯಿಗಳಿಗೆ ಇವರು ಮನೆ ಹುಡುಕುತ್ತಾರೆ. ಎಷ್ಟು ಸಂಬಂಧ ಮಾಡಿಸಿದ್ದೀರಿ ಅಂತ ಕೇಳಿದರೆ, ಕೂಡಿಬಂದದ್ದರ ಲೆಕ್ಕ ಇಟ್ಟಿಲ್ಲ, ಕೆಟ್ಟದ್ದು ಮಾತ್ರ ನೆನಪಿದೆ ಅಂದರು.

ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಇಲ್ಲಿನ ಸಂತಕವಿ ತಾತಯ್ಯನವರೇ ಎರಡರಲ್ಲೂ ಬರೆದ ಊರು. ನಾಯಿ ಮಾತ್ರ ಒಂದಕ್ಕೇ ಕಟ್ಟುಬೀಳಬೇಕೆಂದು ಯಾರು ಹೇಳಿದರು? ಓದುಗರ ಅನುಕೂಲಕ್ಕೆ ತೆಲುಗನ್ನು ಕಡಿಮೆ ಮಾಡಿದ್ದೇನೆ.

ನಾನು: ಅಜ್ಜೀ, ಈ ಬೀದಿನಾಯಿಗಳ ವಿಚಾರವಾಗಿ...

ಕೆಂಚಜ್ಜಿ: ಬಾಯಿ ಸರಿಯಾಗಿಟ್ಕೊ ನಾಯ್ನಾ. 2023ರಲ್ಲಿ ಸಂತಾನ ನಿಯಂತ್ರಣದ ನಿಯಮ ಬಂತಲ್ಲ, ಓದಿಲ್ವಾ? ಅದರಲ್ಲಿ ನಮ್ಮನ್ನ ಸಮುದಾಯದ ಪ್ರಾಣಿ ಅಂತ ಬರೆದವ್ರೆ. ಸಮುದಾಯ ಭವನ ಇದ್ದಂಗೆ. ಎಲ್ಲಾರಿಗೂ ಸೇರಿದ್ದು, ಯಾರೂ ಕಸ ಗುಡಿಸಲ್ಲ.

ನಾನು: ಆ ಕಿವಿ?

ಕೆಂಚಜ್ಜಿ: ಆಪರೇಷನ್ ಆಗಿದೆ, ಚುಚ್ಚುಮದ್ದೂ ಆಗಿದೆ ಅನ್ನೋದಕ್ಕೆ ಸೀಲು. ನಿಮಗೆ ಮೂರು ಕಾಗದ, ಎರಡು ಜೆರಾಕ್ಸು ಬೇಕು. ನನ್ನ ದಾಖಲೆ ಕಿವಿ ಮೇಲೇ ಇದೆ, ಕಳೆದುಹೋಗೋ ಭಯ ಇಲ್ಲ.

ನಾನು: ನೀವು ಗಣಕೂಟ ನೋಡದೆ ನಾಯಿ ಕೊಡುವುದಿಲ್ಲವಂತೆ. ನಾಯಿಗೂ ಕೂಟವೇ?

ಕೆಂಚಜ್ಜಿ: ಯಾಕೆ, ನಿಮ್ಮ ಮದುವೇಲಿ ನಾಯಿ ನೋಡಲ್ವಾ? ಮೂವತ್ತಾರು ಗುಣದಲ್ಲಿ ಯೋನಿಕೂಟ ಅಂತ ಒಂದಿದೆ, ಅದಕ್ಕೆ ನಾಲ್ಕು ಗುಣ. ಆರಿದ್ರಾ, ಮೂಲಾ ನಕ್ಷತ್ರದವರದ್ದು ಶ್ವಾನಯೋನಿ. ಅನೂರಾಧಾ, ಜ್ಯೇಷ್ಠಾದವರದ್ದು ಜಿಂಕೆ. ನಾಯಿಗೂ ಜಿಂಕೆಗೂ ವೈರ ಅಂತ ಹೇಳಿ ಚಿನ್ನದಂಥ ಹುಡುಗೀನ ಬೇಡ ಅಂದು ಕೈತೊಳ್ಕೋತೀರಿ. ಅದೇ ನೀವು, ನಿಜವಾದ ನಾಯೀನ ಮನೆಗೆ ತರೋವಾಗ ಮೊಬೈಲಲ್ಲಿ ಫೋಟೊ ನೋಡಿ 'ಅಯ್ಯೋ ಕ್ಯೂಟು' ಅಂತೀರಿ. ಮುಗೀತು, ಲಗ್ನಪತ್ರಿಕೆ.

ನಾನು: ನೀವು ಏನು ನೋಡುತ್ತೀರಿ?

ಕೆಂಚಜ್ಜಿ: ಒಂದೇ ಪ್ರಶ್ನೆ. ಸಾಯಂಕಾಲ ಆರು ಗಂಟೆಗೆ ನೀವು ಏನ್ಮಾಡ್ತಿರ್ತೀರಿ? ನಮಗೆ ಮೈಮೇಲೆ ದೇವರು ಬರೋದು ಎರಡು ಹೊತ್ತು, ಬೆಳಕು ಹರಿಯೋವಾಗ, ಕತ್ತಲಾಗೋವಾಗ. ಮಿಕ್ಕ ಹೊತ್ತು ಬಿದ್ಕೊಂಡಿರ್ತೀವಿ, ನೀನೂ ನೋಡಿರ್ತೀಯ. ಆ ಎರಡು ಹೊತ್ತಲ್ಲಿ ಮನೆಯವರು ಎಲ್ಲಿರ್ತಾರೆ ಅನ್ನೋದರ ಮೇಲೆ ಸಂಸಾರ ನಿಂತಿದೆ.

ನಾನು: ಎಲ್ಲರೂ ವಾಕಿಂಗ್ ಹೋಗುತ್ತೇವೆ ಅನ್ನುವುದಿಲ್ಲವೇ?

ಕೆಂಚಜ್ಜಿ: ಅಂತಾರೆ. ನಾನು ಬೂಟು ಮೂಸಿ ನೋಡ್ತೀನಿ. ಮೂರು ವರ್ಷದ ಬೂಟು, ಇನ್ನೂ ಅಂಗಡಿ ಡಬ್ಬದ ವಾಸನೆ. ಇನ್ನೇನು ವಿಚಾರಣೆ ಬೇಕು?

(ನಾನು ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡೆ. ಅಲ್ಲೇ ಅವರಿದ್ದಾರೆಂಬುದು ಆಮೇಲೆ ಹೊಳೆಯಿತು.)

ನಾನು: ಅಮೆರಿಕದಲ್ಲಿ ಎಎಸ್‌ಪಿಸಿಎ ಎಂಬ ಹಳೆಯ ಪ್ರಾಣಿದಯಾ ಸಂಘವಿದೆ, 1866ರದ್ದು. ಅವರು ನಾಯಿಯ ಸ್ವಭಾವ ಪರೀಕ್ಷಿಸಿ ನೇರಳೆ, ಕಿತ್ತಳೆ, ಹಸಿರು ಅಂತ ಬಣ್ಣ ಹಚ್ಚುವ ಪದ್ಧತಿ ಮಾಡಿದರು. ಸಾಕಲು ಬಂದವರಿಗೂ ಪ್ರಶ್ನೆ ಕೇಳಿ ಅವೇ ಬಣ್ಣ. ಬಣ್ಣಕ್ಕೆ ಬಣ್ಣ ಕೂಡಿದರೆ ನಾಯಿ ಮನೆಗೆ.

ಕೆಂಚಜ್ಜಿ: ಒಳ್ಳೇದೇ. ನಮ್ಮಲ್ಲಿ ಬಣ್ಣ ಅಂದ್ರೆ 'ಬಿಳೀದು ಇದ್ಯಾ' ಅಂತ ಕೇಳ್ತಾರೆ.

ನಾನು: ಕೆಟ್ಟ ಸಂಬಂಧ ಒಂದನ್ನು ಹೇಳಿ.

ಕೆಂಚಜ್ಜಿ: ಈ ಕಡೆ ಒಬ್ಬರು ನಿವೃತ್ತ ಮೇಷ್ಟ್ರು, ಅವರ ಹೆಂಡತಿ. ಮಗ ಪರದೇಶದಲ್ಲಿ. ಅಪ್ಪ ಅಮ್ಮನಿಗೆ ಜೊತೆಗಿರಲಿ ಅಂತ ಅಲ್ಲಿಂದಲೇ ಒಂದು ಲ್ಯಾಬ್ರಡಾರ್ ಮರಿ ಬುಕ್ ಮಾಡಿದ. '777 ಚಾರ್ಲಿ' ನೋಡಿದ್ನಂತೆ. 2022ರಲ್ಲಿ ಆ ಸಿನಿಮಾ ಬಂದಾಗಿಂದ ನನಗೆ ಕೆಲಸ ಜಾಸ್ತಿ. ಅದಕ್ಕೂ ಮುಂಚೆ 2003ರಲ್ಲಿ ಹಚ್ ಫೋನಿನ ಜಾಹೀರಾತಲ್ಲಿ ಒಂದು ಪಗ್ ಹುಡುಗನ ಹಿಂದೆ ನಡೀತಲ್ಲ, ಆ ಪಗ್ಗುಗಳ ಗೊರಕೆ ಕೇಳಿ ನಮ್ಮಮ್ಮ, ನಮ್ಮಜ್ಜಿ ನಿದ್ದೆಗೆಟ್ಟಿದ್ರಂತೆ. ಇರಲಿ. ಸಿನಿಮಾದಲ್ಲಿ ಧರ್ಮ ಅನ್ನೋನು ಚಾರ್ಲೀನ ಗಾಡೀಲಿ ಕೂರಿಸ್ಕೊಂಡು ಹಿಮ ತೋರಿಸೋಕೆ ಕಾಶ್ಮೀರದ ತನಕ ಹೋಗ್ತಾನೆ. ಮೇಷ್ಟ್ರಿಗೆ ಮಂಡಿನೋವು, ಗೇಟಿನ ತನಕ ಹೋದ್ರೆ ಅದೇ ಕಾಶ್ಮೀರ. ಮರಿ ವರ್ಷ ತುಂಬೋ ಹೊತ್ತಿಗೆ ಕರುವಿನಷ್ಟಾಯ್ತು. ಒಂದು ದಿನ ಎದುರುಮನೆ ಕೋಳಿ ಕಂಡು ಎಳೀತು. ಚೈನು ಬಿಡಬೇಕು ಅನ್ನೋದು ಮೇಷ್ಟ್ರಿಗೆ ಹೊಳೆಯೋ ಹೊತ್ತಿಗೆ ಅವರೂ ಕೋಳಿ ಹತ್ರ ಇದ್ರು. ಹಲ್ಲುಸೆಟ್ಟು ಚರಂಡೀಲಿ.

ನಾನು: ಆಮೇಲೆ?

ಕೆಂಚಜ್ಜಿ: ಆಮೇಲೆ ಅಂಗಳದಲ್ಲಿ ಕಟ್ಟಿಹಾಕಿದ್ರು. ಪಾಪ ಅಂತ ಅನ್ನ ಜಾಸ್ತಿ ಹಾಕಿದ್ರು. ಓಡಿಸೋಕೆ ಆಗದ ಮನೇಲಿ ತಟ್ಟೇನೇ ಪ್ರೀತಿ. ಇದೇ ಊರಲ್ಲಿ ಬಕಾಸುರನಿಗೆ ದಿನಾ ಒಂದು ಗಾಡಿ ಅನ್ನ ಹೋಗ್ತಿತ್ತಂತೆ. ಅವನಿಗೂ ಗುಡ್ಡ ಬಿಟ್ಟು ಕೆಳಗಿಳಿಯೋ ಕೆಲಸ ಇರಲಿಲ್ಲ. ಭೀಮ ಬಂದ, ಕಥೆ ಮುಗೀತು. ಲ್ಯಾಬ್ರಡಾರಿಗೆ ಭೀಮನೂ ಬೇಡ, ಬೊಜ್ಜು ಸಾಕು.

ನಾನು: ಹಸ್ಕಿ ನಾಯಿಯನ್ನೂ ಇಲ್ಲಿ ನೋಡಿದ್ದೀರಾ?

ಕೆಂಚಜ್ಜಿ: ಚಿಂತಾಮಣಿ ಕಡೆ ಒಂದು ಫಾರ್ಮ್‌ಹೌಸಲ್ಲಿ ಇದ್ದ. ಮಾವಿನ ಮರಕ್ಕೆ ಕಟ್ಟಿದ್ರು, ಯಜಮಾನರು ಶನಿವಾರ ಮಾತ್ರ ಬರೋರು. ನಾನು ಮಾತಾಡಿಸಿದೆ. 1925ರಲ್ಲಿ ಅಲಾಸ್ಕಾದ ನೋಮ್ ಅನ್ನೋ ಊರಲ್ಲಿ ಮಕ್ಕಳಿಗೆ ಗಂಟಲಮಾರಿ ಬಂದಾಗ, ಸಾವಿರ ಕಿಲೋಮೀಟರಿಗೂ ಹೆಚ್ಚು ದಾರಿ, ಮಂಜಲ್ಲಿ, ಸರದಿ ಮೇಲೆ ಗಾಡಿ ಎಳೆದು ಮದ್ದು ತಲುಪಿಸಿದ್ದು ನಮ್ಮೋರು ಅಂದ. ಹೇಳ್ತಾ ಹೇಳ್ತಾ ಮರ ಸುತ್ತುತಾ ಇದ್ದ. ಮರದ ಸುತ್ತ ನೆಲ ಸವೆದು ಗಾಣದ ಎತ್ತಿನ ದಾರಿ ಥರ ಆಗಿತ್ತು. ಏಪ್ರಿಲ್ ತಿಂಗಳು. ಮೈಮೇಲೆ ಎರಡು ಪದರ ಕೂದಲು. ಬಂದೋರೆಲ್ಲ ಅವನ ನೀಲಿ ಕಣ್ಣು ನೋಡಿ ಸೆಲ್ಫಿ ತಗೊಂಡು ಹೋಗ್ತಿದ್ರು.

ನಾನು: ಹಾಗಾದರೆ ಚುರುಕು ನಾಯಿಗಳೆಲ್ಲ ಹಳ್ಳಿಗೆ, ಸೋಮಾರಿಗಳು ಫ್ಲ್ಯಾಟಿಗೆ. ಇಷ್ಟೇ ತಾನೇ ಸೂತ್ರ?

ಕೆಂಚಜ್ಜಿ: ಇಷ್ಟಾಗಿದ್ರೆ ಕಂಪ್ಯೂಟರ್ ಮಾಡ್ತಿತ್ತು, ನಾನ್ಯಾಕೆ? ಮುಧೋಳ ತಳಿಯವನನ್ನ ತಗೊ. ಒಣಕಲು ಮೈ, ಕಂಡ್ರೆ ಬಾಣ. 2005ರಲ್ಲಿ ಅಂಚೆ ಚೀಟಿ ಮೇಲೆ ಬಂದವನು. ಇವನಿಗೆ ದಿನಾ ಎಕರೆಗಟ್ಟಲೆ ಬಯಲು ಬೇಕು ಅಂತ ಎಲ್ಲಾರೂ ಅಂದ್ಕೋತಾರೆ. ಸುಳ್ಳು. ಹೊಟ್ಟೆ ತುಂಬ ಒಂದು ಓಟ ಕೊಡು, ಮಿಕ್ಕ ಹೊತ್ತು ಗೋಣಿಚೀಲದ ಮೇಲೆ ಮಹಾರಾಜನ ಥರ ಮಲಗ್ತಾನೆ. ಆದ್ರೆ ಕಣ್ಣೆದುರು ಮೊಲ ಹಾಯ್ದರೆ ನೀನು ಯಾರೋ, ಅವನು ಯಾರೋ.

ಹುಳುಮನೆ ವಿಚಾರ ಕೇಳು, ಆಗ ಗೊತ್ತಾಗುತ್ತೆ. ನನ್ನ ಕೊನೇ ಸೂಲಿನ ಇಬ್ಬರು ಗಂಡುಮಕ್ಕಳನ್ನ ಶಿಡ್ಲಘಟ್ಟದ ಹತ್ರ ರೇಷ್ಮೆ ಮನೆಗೆ ಕೊಟ್ಟೆ. ಒಂದೇ ಹೊಟ್ಟೆ, ಒಂದೇ ಹಾಲು. ದೊಡ್ಡೋನು ಹೊಸಲಲ್ಲಿ ಕೂತ್ರೆ ಕೂತ. ಬೆಳಿಗ್ಗೆ ಯಜಮಾನಮ್ಮನ ಜೊತೆ ಹಿಪ್ಪುನೇರಳೆ ತೋಟಕ್ಕೆ ಹೋಗೋದು, ಸೊಪ್ಪು ಕೊಯ್ಯೋ ತನಕ ಬದುವೆಲ್ಲ ಮೂಸೋದು, ವಾಪಸ್ ಬಂದು ಬಾಗಿಲಿಗೆ ಅಡ್ಡ ಮಲಗೋದು. ನಾಲ್ಕನೇ ಸಲ ಪೊರೆ ಬಿಟ್ಟು ಜ್ವರ ಎದ್ದ ಮೇಲೆ ಹುಳ ಹಗಲೂ ರಾತ್ರಿ ಮೇಯುತ್ತೆ, ಮಳೆ ಹುಯ್ದಂಗೆ ಸದ್ದು. ಮನೆಯವರಿಗೂ ನಿದ್ದೆ ಇಲ್ಲ. ಆ ವಾರ ಇವನೂ ಇಲಿ ಕಾಯ್ತಾ ಎಚ್ಚರ ಇರ್ತಾನೆ. ಬೆಳೆ ಎದ್ದ ಮೇಲೆ ಎಲ್ಲಾರೂ ಒಟ್ಟಿಗೆ ಎರಡು ದಿನ ಮಲಗ್ತಾರೆ. ಇದಕ್ಕೆ ನಾನು ಕೂಟ ಅಂತೀನಿ.

ನಾನು: ಚಿಕ್ಕವನು?

ಕೆಂಚಜ್ಜಿ: ಅವನು ನಿಂತ ಜಾಗದಲ್ಲಿ ನಿಲ್ಲೋನಲ್ಲ. ಹಣ್ಣಾದ ಹುಳ ಗೂಡು ಕಟ್ಟೋಕೆ ಬಿಟ್ಟಿದ್ದ ಚಂದ್ರಿಕೆ ಮೇಲೆ ಬೆಕ್ಕು ಅಟ್ಟಿಸ್ಕೊಂಡು ಬಿದ್ದ. ತಿಂಗಳ ದುಡಿಮೆ ನೆಲದ ಮೇಲೆ. ಆ ಯಮ್ಮ ಹೊಡೀಲಿಲ್ಲ, ಇಲ್ಲಿಗೆ ತಂದು ಬಿಟ್ಟು 'ನಿನ್ನ ಮಗ ಕೆಟ್ಟೋನಲ್ಲ ಕಣೆ, ನನ್ನ ಮನೆ ಚಿಕ್ಕದು' ಅಂದ್ಲು. ಈಗ ಕುರಿ ಮಂದೆ ಜೊತೆ ಇದ್ದಾನೆ. ದಿನಾ ಹೊಲ ಬಯಲು ಸುತ್ತಿ ಕತ್ತಲಾದಾಗ ಕಂಬಳಿ ಅಂಚಲ್ಲಿ ಸತ್ತವನ ಥರ ಮಲಗ್ತಾನಂತೆ. ಇಡೀ ಮಂದೇಲಿ ಅವನಷ್ಟು ಸಾಧು ಇಲ್ಲ ಅಂತಾನೆ ಕುರುಬರಣ್ಣ.

ಇನ್ನೊಂದು ಬರ್ಕೊ, ಇದು ನಿಮ್ಮ ಪೇಟೆಯವರಿಗೆ ಗೊತ್ತಿರಲ್ಲ. ರೇಷ್ಮೆ ಮನೆಗೆ ನಾಯಿ ಕೊಡೋ ಮುಂಚೆ ಉಣ್ಣೆಗೆ ಪುಡಿ, ಪಟ್ಟಿ, ಎಣ್ಣೆ ಏನಾದ್ರೂ ಹಾಕಿದ್ದೀರಾ ಕೇಳಬೇಕು. ಉಣ್ಣೆ ಕೊಲ್ಲೋ ಮದ್ದು ರೇಷ್ಮೆ ಹುಳಾನೂ ಕೊಲ್ಲುತ್ತೆ. ಅದನ್ನ ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಿದ್ರೂ ಹುಳ ಕಕ್ಕಿ, ಮೈ ತಿರುಚಿ ಬೀಳುತ್ತೆ. ಶುದ್ಧವಾದ ನಾಯಿ ಕೊಡ್ತೀವಿ ಅಂತ ಹೋಗಿ ಒಂದು ಸಂಸಾರದ ಸಾಲ ಏರಿಸಿ ಬರಬಾರದು.

ನಾನು: ಕೂಟ ಕೆಟ್ಟರೆ ತಪ್ಪು ನಾಯಿಯದೋ, ಮನೆಯವರದೋ?

ಕೆಂಚಜ್ಜಿ: ತಾತಯ್ಯನವರ ಕಥೆ ಗೊತ್ತಲ್ಲ? 1726ರಲ್ಲಿ ಇದೇ ಊರಲ್ಲಿ ಹುಟ್ಟಿದೋರು. ಬಳೆ ಮಲಾರ ಹೊರಿಸಿ ಊರೂರಿಗೆ ಕಳಿಸಿದ್ರು. ವ್ಯಾಪಾರ ಕೈಗೆ ಹತ್ತಲಿಲ್ಲ. ಪ್ರಯೋಜನ ಇಲ್ಲ ಅಂದ್ರು ಮನೆಯವರು. ಅದೇ ಮನುಷ್ಯ ಗುರು ಕೊಟ್ಟ ಬೆಣಚುಕಲ್ಲು ಬಾಯಲ್ಲಿಟ್ಕೊಂಡು ಗವೀಲಿ ವರ್ಷಗಟ್ಟಲೆ ಕೂತ್ರಂತೆ, ಕಲ್ಲು ಕಲ್ಲುಸಕ್ಕರೆ ಆಯ್ತಂತೆ. ಕೂರೋ ಜೀವಾನ ಸುತ್ತೋ ಕೆಲಸಕ್ಕೆ ಹಚ್ಚಿ, ಆಮೇಲೆ ಸರಿ ಇಲ್ಲ ಅಂದ್ರೆ? ನಾನು ನಾಯಿ, ಇದಕ್ಕಿಂತ ಹೆಚ್ಚು ಮಾತಾಡಬಾರದು.

ನಾನು: ರಕ್ಷಿಸಿ ತಂದ ನಾಯಿಯ ಚುರುಕು ಎಷ್ಟೆಂದು ಮೊದಲೇ ತಿಳಿಯುತ್ತದೆಯೇ?

ಕೆಂಚಜ್ಜಿ: ಅಲ್ಲೇ ಎಲ್ಲಾರೂ ಮೋಸ ಹೋಗೋದು. ಹೆದರಿದ ನಾಯಿ ಮೂಲೇಲಿ ಮುದುರಿರುತ್ತೆ. 'ಎಷ್ಟು ಸಾಧು, ಇದೇ ಕೊಡಿ' ಅಂತಾರೆ. ಮೊದಲ ಮೂರು ದಿನ ಅದು ಹೊಸ ಸೊಸೆ, ತಲೆ ಎತ್ತಲ್ಲ. ಮೂರು ವಾರಕ್ಕೆ ಮನೆ ಅಡಿಗೆ ರುಚಿ ಗೊತ್ತಾಗುತ್ತೆ, ಸೋಫಾದ್ದೂ ಗೊತ್ತಾಗುತ್ತೆ. ಮೂರು ತಿಂಗಳಿಗೆ ನಿಜವಾದ ಮುಖ. ನಿಮ್ಮ ಬೆಂಗಳೂರಿನ ರಕ್ಷಣಾ ಕೇಂದ್ರದವರೂ ಇದೇ ಲೆಕ್ಕ ಹೇಳ್ತಾರೆ. ಮೂರು ವಾರಕ್ಕೇ ವಾಪಸ್ ತರೋರಿಗೆ ನಾನು ಕೇಳೋದು ಒಂದೇ, ನಿನ್ನ ಮದುವೆ ಆದ ಮೂರನೇ ವಾರ ಹೆಂಗಿತ್ತಪ್ಪಾ?

ನಾನು: ಸುಪ್ರೀಂ ಕೋರ್ಟಿನ ಆದೇಶಗಳಿಂದ ನಿಮ್ಮ ಕೆಲಸಕ್ಕೆ ಏನಾಗಿದೆ?

ಕೆಂಚಜ್ಜಿ: 2025ರ ಆಗಸ್ಟ್ 22ಕ್ಕೆ ಒಂದು ಬಂತು. ಆಪರೇಷನ್ನು, ಚುಚ್ಚುಮದ್ದು ಮಾಡಿ ಹಿಡಿದ ಜಾಗಕ್ಕೇ ಬಿಡಿ, ಹುಚ್ಚು ಹಿಡಿದವು, ಮೈಮೇಲೆ ಬೀಳೋವು ಬಿಟ್ಟು. ಬೇಕಾದೋರು ಅರ್ಜಿ ಹಾಕಿ ದತ್ತು ತಗೊಳ್ಳಿ, ತಗೊಂಡ ಮೇಲೆ ಬೀದಿಗೆ ಬಿಡಬೇಡಿ ಅಂತ. ಆ ಕೊನೇ ಮಾತನ್ನ ಚಿನ್ನದಲ್ಲಿ ಬರೆಸಿ ಕೈವಾರ ಕ್ರಾಸಲ್ಲಿ ಹಾಕಬೇಕು. ನವೆಂಬರ್ 7ಕ್ಕೆ ಇನ್ನೊಂದು ಬಂತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಿಂದ ನಮ್ಮನ್ನ ತೆಗೀಬೇಕು, ಅಲ್ಲಿಗೇ ವಾಪಸ್ ಬಿಡಂಗಿಲ್ಲ. ಅವತ್ತಿಂದ ನನಗೊಂದು ಸಂಶಯ. ಈ ಬೆಂಚು ಬಸ್ ನಿಲ್ದಾಣದ ಒಳಗಿದೆಯೋ, ಹೊರಗಿದೆಯೋ? ಪಂಚಾಯ್ತಿಯವರನ್ನ ಕೇಳಿ ಹೇಳು. ನೆರಳು ಬೆಳಿಗ್ಗೆ ಒಳಗಿರುತ್ತೆ, ಸಾಯಂಕಾಲ ಹೊರಗೆ.

ನಾನು: ಕಚ್ಚಿಸಿಕೊಂಡವರ ಕಷ್ಟವೂ ಇದೆಯಲ್ಲ ಅಜ್ಜಿ.

ಕೆಂಚಜ್ಜಿ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಇದೆ. ಪಾಂಡವರು ಇದ್ದ ಏಕಚಕ್ರನಗರ ಇದೇ ಅಂತಾರೆ. ಕೊನೆಗೆ ಧರ್ಮರಾಯ, ನಾಯಿ ಬಿಟ್ಟು ಸ್ವರ್ಗಕ್ಕೆ ಬರಲ್ಲ ಅಂದ ಕಥೇನ ನಾನು ಎಲ್ಲಾರಿಗೂ ಹೇಳ್ತೀನಿ. ಮಗು ಮುಖ ಕಚ್ಚಿಸ್ಕೊಂಡ ತಾಯಿಗೆ ಹೇಳೋಕೆ ಹೋಗಲ್ಲ.

ನಾನು: ಕೊನೆಯದಾಗಿ, ನನಗೂ ಒಂದು ನಾಯಿ ಬೇಕಿತ್ತು.

ಅಜ್ಜಿ ಎದ್ದು ನನ್ನ ಬೂಟು ಮೂಸಿದರು. ಪ್ಯಾಂಟಿನ ಹಿಂಭಾಗ ಮೂಸಿ, ಕುರ್ಚಿಯ ವಾಸನೆ ಅಂದರು. ಕ್ರಾಸಿನಿಂದ ಹೇಗೆ ಬಂದೆ ಎಂದು ಕೇಳಿದರು. ಆಟೋ ಎಂದೆ. ದೇವಸ್ಥಾನದಿಂದ ಇಲ್ಲಿಗೆ? ಅದೂ ಆಟೋ. ಅಂಗಡಿಯ ಹಿಂದಿನಿಂದ ಕರಿಯ ಎಂಬುವನನ್ನು ಕರೆದರು. ಎಂಟು ವರ್ಷ, ಮೂರು ಕಾಲು, ಮುಖದಲ್ಲಿ ನರೆ. ಅವನು ನಿಧಾನವಾಗಿ ಬಂದು ನನ್ನ ಅಂಗೈ ಮೂಸಿ, ಒಂದು ಸಲ ಮುಖ ನೋಡಿ, ಬಂದ ದಾರಿಯಲ್ಲೇ ಹೋಗಿ ಗೋಣಿಚೀಲದ ಮೇಲೆ ಬಿದ್ದುಕೊಂಡ. ಇನ್ನೂ ಮೂರು ಹುಣ್ಣಿಮೆ ಕ್ರಾಸಿನಿಂದ ನಡೆದುಕೊಂಡು ಬಾ, ಆಮೇಲೆ ಅವನ ಮನಸ್ಸು ಕೇಳೋಣ ಎಂದು ಅಜ್ಜಿ ಕಳಿಸಿದರು.

ನಾನು ಇನ್ನೂ ಒಂದು ಹುಣ್ಣಿಮೆಯೂ ನಡೆದಿಲ್ಲ. ಆದ್ದರಿಂದ ಅಜ್ಜಿಯ ಅಪ್ಪಣೆಯಂತೆ ಈ ಪ್ರಕಟಣೆ: ವರ ಕರಿಯ, ಕೈವಾರ, ಕಿವಿ ಸೀಲು ಆಗಿದೆ. ಮೆಟ್ಟಿಲಿಲ್ಲದ ಮನೆ, ಮಧ್ಯಾಹ್ನ ಮಲಗುವ ರೂಢಿ, ಸಾಯಂಕಾಲ ಆರಕ್ಕೆ ಬೀದಿ ಕೊನೆಯ ತನಕ ನಿಧಾನ ನಡಿಗೆ ಇರುವವರು ವಿಚಾರಿಸಬಹುದು. ನಕ್ಷತ್ರ ಯಾವುದಾದರೂ ಸರಿ. ಬೂಟು ಹಳೆಯದಿರಲಿ.