ಎರಡು ವರ್ಷದ ಹೆಚ್ಚುವರಿ ದಾಕ್ಷಿಣ್ಯ

ಫ್ರಿಜ್ಜಿನ ಬೆಲೆ ಕುದುರಿ ಇನ್ನೇನು ಬಿಲ್ ಬರೆಸಬೇಕು ಎನ್ನುವಾಗ ಅಂಗಡಿಯ ಹುಡುಗ ದನಿ ತಗ್ಗಿಸುತ್ತಾನೆ. ಅಲ್ಲಿಯವರೆಗೆ ಅದೇ ಫ್ರಿಜ್ಜಿನ ಬೆನ್ನು ತಟ್ಟಿ "ಹತ್ತು ವರ್ಷ ಕಣ್ಮುಚ್ಚಿ ಓಡ್ತದೆ ಸಾರ್" ಎಂದವನು ಈಗ ಪಿಸುದನಿಯಲ್ಲಿ, "ಒಂದು ವರ್ಷ ಆದಮೇಲೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಎನ್ನುತ್ತಾನೆ. ದುಡ್ಡು ಎಣಿಸುವ ಮುಂಚೆ ಚಿರಂಜೀವಿಯಾಗಿದ್ದ ಫ್ರಿಜ್ಜು ದುಡ್ಡು ಎಣಿಸಿದ ಕ್ಷಣಕ್ಕೆ ಅಲ್ಪಾಯುಷಿ. ಗಂಡಾಂತರ ಪರಿಹಾರಕ್ಕೆ ಸಾವಿರದ ಒಂಬೈನೂರು ರೂಪಾಯಿ ದಕ್ಷಿಣೆ. ಅದಕ್ಕೆ ಎಕ್ಸ್‌ಟೆಂಡೆಡ್ ವಾರಂಟಿ ಎಂದು ಹೆಸರು.

ಇದನ್ನು ನಾನು ಹತ್ತಿರದಿಂದ ಕಂಡದ್ದು ಮೊಳಕಾಲ್ಮುರಿನ ನನ್ನ ತಂಗಿ ಫ್ರಿಜ್ಜು ಕೊಳ್ಳಲು ಚಳ್ಳಕೆರೆಗೆ ಬಂದಾಗ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯನ್ನು ಮುಟ್ಟದೆ ಕೂಡಿಟ್ಟಿದ್ದಳು. ಶಕ್ತಿ ಯೋಜನೆಯ ದಯೆಯಿಂದ ಕೆಂಪು ಬಸ್ಸಿನಲ್ಲಿ ಪುಕ್ಕಟೆ ಬಂದಿಳಿದಳು. ಫ್ರಿಜ್ಜು ಓಡಬೇಕಾದದ್ದು ಗೃಹಜ್ಯೋತಿಯ ಕರೆಂಟಿನಲ್ಲಿ, 200 ಯೂನಿಟ್ಟಿನೊಳಗೆ. ಒಂದು ಗ್ಯಾರಂಟಿ ಹತ್ತಿ ಬಂದು, ಇನ್ನೊಂದು ಗ್ಯಾರಂಟಿಯ ದುಡ್ಡು ಕೊಟ್ಟು, ಮತ್ತೊಂದು ಗ್ಯಾರಂಟಿಯ ಪ್ಲಗ್ಗಿಗೆ ಸಿಕ್ಕಿಸುವ ಯಂತ್ರಕ್ಕೆ ಈ ಹುಡುಗ ವಾರಂಟಿ ಬೇಕೇ ಎಂದು ಕೇಳುತ್ತಿದ್ದ. ಇಷ್ಟೊಂದು ಭದ್ರತೆ ದೇಶದ ಪ್ರಧಾನಿಗೂ ಇರಲಾರದು. ಟಿಕೆಟ್ ತೆಗೆಯುವ ಗಂಡುಜಾತಿಯವನಾದ ನನಗೆ ಮಾತ್ರ ಯಾವುದೂ ಇಲ್ಲ. ನಾನು ಹೋದದ್ದು ಚೌಕಾಸಿಗೆಂದು.

ಚಳ್ಳಕೆರೆಯಂಥ ಊರಿನಲ್ಲಿ ಈ ವಾರಂಟಿ ಮಾರಾಟವಾಗುವ ಬಗೆಯೇ ಬೇರೆ. ಬೆಂಗಳೂರಿನ ದೊಡ್ಡ ಮಳಿಗೆಯಲ್ಲಿ ಜನ ಅದನ್ನು ಭಯಕ್ಕೆ ಕೊಳ್ಳುತ್ತಾರಂತೆ. ನಮ್ಮಲ್ಲಿ ಕೊಳ್ಳುವುದು ದಾಕ್ಷಿಣ್ಯಕ್ಕೆ. ಹುಡುಗ ಮೊದಲು "ಯಾವೂರು ಸಾರ್?" ಎಂದ. ಹೇಳಿದೆವು. ತಾನು ತಳುಕಿನವನೆಂದ. ನಾನು ಕಾದಂಬರಿಕಾರ ತ.ರಾ.ಸು. ಹೆಸರೆತ್ತಿದೆ, "ತ" ಎಂದರೆ ತಳುಕೇ ಅಲ್ಲವೇ ಎಂದೆ. ಅವನಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ತಂಗಿಯ ಅತ್ತೆ ಮನೆ ಯಾವ ಬೀದಿ, ಅವಳ ಮೈದುನನಿಗೆ ಹೆಣ್ಣು ತಂದದ್ದು ಯಾವ ಹಳ್ಳಿಯಿಂದ ಎಂಬುದರಲ್ಲಿ ಇತ್ತು. ಎರಡು ಪ್ರಶ್ನೆಗೆ ಸಂಬಂಧ ಸಿಕ್ಕಿಬಿಟ್ಟಿತು. ಸಾರ್ ಆಗಿದ್ದ ನಾನು ಮಾವನಾದೆ, ನನ್ನ ತಂಗಿ ಅಕ್ಕನಾದಳು. ಮಾವನ ತಂಗಿ ಅಕ್ಕನಾಗುವುದು ಯಾವ ಲೆಕ್ಕವೋ, ಸೇಲ್ಸಿನ ವಂಶವೃಕ್ಷದಲ್ಲಿ ಎಲ್ಲ ಕೊಂಬೆಯೂ ಬಿಲ್ಲಿಂಗ್ ಕೌಂಟರಿನ ಕಡೆಗೇ ಬಾಗಿರುತ್ತದೆ. "ಮಾವ, ಈ ತಿಂಗಳು ಟಾರ್ಗೆಟ್ ಆಗಿಲ್ಲ, ಇದೊಂದು ಹಾಕಿಸಿಕೊಳ್ಳಿ" ಎಂದ. ಇನ್ನು ಹೇಗೆ ಬೇಡ ಎನ್ನುವುದು? ಮದುವೆ ಮನೆಯಲ್ಲಿ ಮುಯ್ಯಿ ಬರೆಸುವಾಗ ಕೈ ಹಿಂದೆಗೆದ ಹಾಗೆ ಆಗುತ್ತದೆ. ಮುಯ್ಯಿಯಾದರೆ ನಮ್ಮ ಮನೆಯ ಕಾರ್ಯಕ್ಕೆ ತಿರುಗಿ ಬರುತ್ತದೆ. ಈ ದುಡ್ಡು ಬರುವುದಿಲ್ಲ.

ನಾನು ಆಗಲೇ ಅರ್ಧ ತಲೆಯಾಡಿಸಿದ್ದೆ. ತಂಗಿ ಆಡಿಸಲಿಲ್ಲ. ಅವಳ ಮನೆಯಲ್ಲಿ ಮಗ್ಗವಿದೆ. ಮೊಳಕಾಲ್ಮುರು ರೇಷ್ಮೆ ಸೀರೆ ಎಂದರೆ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಸರಕು. ಒಂದೊಂದು ಸೀರೆಗೆ ಫ್ರಿಜ್ಜಿನಷ್ಟೇ ಬೆಲೆ ಬಿದ್ದರೂ ಆಶ್ಚರ್ಯವಿಲ್ಲ. ಅವಳು ಹುಡುಗನನ್ನು ನೆಟ್ಟಗೆ ನೋಡಿ ಕೇಳಿದಳು:

"ಅಲ್ಲಪ್ಪ ತಮ್ಮ, ನಿಮ್ಮಮ್ಮ ನಮ್ಮನೇಲಿ ಸೀರೆ ತಗಣಾಕೆ ಬಂದ್ರು ಅನ್ಕೋ. ದುಡ್ಡು ಇಸ್ಕಂಡ್ ಮೇಲೆ ನಾನು, 'ಇನ್ನೆರಡು ಸಾವಿರ ಕೊಟ್ರೆ ಮುಂದಿನ ವರ್ಷನೂ ಬಣ್ಣ ಬಿಡಲ್ಲ' ಅಂದ್ರೆ ನಿಮ್ಮಮ್ಮ ಸೀರೆ ತಗಂತಾರಾ?"

ಹುಡುಗ ನಕ್ಕುಬಿಟ್ಟ. "ಇಲ್ಲಕ್ಕ, ಉಗೀತಾರೆ" ಎಂದ. ವ್ಯಾಪಾರ ಅಲ್ಲಿಗೆ ಮುಗಿಯಿತು.

ವಾರಂಟಿಯ ಬಗ್ಗೆ ಅರ್ಥಶಾಸ್ತ್ರದವರು ಪುಟಗಟ್ಟಲೆ ಬರೆದದ್ದನ್ನು ನನ್ನ ತಂಗಿ ಒಂದು ಪ್ರಶ್ನೆಯಲ್ಲಿ ಮುಗಿಸಿದ್ದಳು. ಆದರೂ ಲೆಕ್ಕ ಲೆಕ್ಕವೇ, ನೋಡೋಣ. ಕಾರ್ಖಾನೆಯ ದೋಷವಿದ್ದರೆ ಯಂತ್ರ ಮೊದಲ ತಿಂಗಳುಗಳಲ್ಲೇ ಕೈಕೊಡುತ್ತದೆ. ಅದಕ್ಕೆ ಕಂಪನಿಯ ವರ್ಷದ ವಾರಂಟಿ ಇದೆ, ಪುಕ್ಕಟೆ. ಆ ಗಂಡ ದಾಟಿದ ಯಂತ್ರ ಸಾಮಾನ್ಯವಾಗಿ ನಾಲ್ಕಾರು ವರ್ಷ ಮುಗುಮ್ಮಾಗಿ ಓಡುತ್ತದೆ. ಆಮೇಲೆ ಮುಪ್ಪು. ಹೆಚ್ಚುವರಿ ದುಡ್ಡಿನ ವಾರಂಟಿ ಕಾಯುವುದು ಯಾವುದನ್ನು? ನಡುವಿನ ಗಟ್ಟಿಮುಟ್ಟು ಯೌವನದ ಒಂದೆರಡು ವರ್ಷವನ್ನು. ಮುಪ್ಪು ಬರುವ ಹೊತ್ತಿಗೆ ಕಾಗದದ ಅವಧಿ ಮುಗಿದಿರುತ್ತದೆ. ಫ್ರಿಜ್ಜಿನಲ್ಲಿ ನಿಜಕ್ಕೂ ದುಬಾರಿಯಾದದ್ದು ಕಂಪ್ರೆಸರ್. ಅದಕ್ಕೆ ಎಷ್ಟೋ ಕಂಪನಿಗಳು ತಾವಾಗಿಯೇ ಹತ್ತು ವರ್ಷ ಬರೆದುಕೊಟ್ಟಿರುತ್ತವೆ. ಅದನ್ನು ಓದದವನಿಗೆ ಅದನ್ನೇ ಎರಡನೇ ಸಲ ಮಾರಬಹುದು.

ಇನ್ನು ಷರತ್ತುಗಳ ಕಾಗದ. ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರ. ನಮ್ಮ ಸೀಮೆಯಲ್ಲಿ ಯಂತ್ರ ಕೆಡುವುದು ಹೇಗೆ ಎಂದು ಒಮ್ಮೆ ನೆನೆಸಿಕೊಳ್ಳಿ. ಕರೆಂಟು ಒಮ್ಮೆ ಏರಿ ಒಮ್ಮೆ ಇಳಿದು ಬೋರ್ಡು ಸುಡುತ್ತದೆ. ಇಲಿ ವೈರು ಕಡಿಯುತ್ತದೆ. ಹಲ್ಲಿ ಒಳಹೊಕ್ಕು ಅಲ್ಲೇ ಸಾಯುತ್ತದೆ. ಬೋರ್‌ವೆಲ್ಲಿನ ಉಪ್ಪುನೀರಿಗೆ ವಾಷಿಂಗ್ ಮೆಷಿನ್ನಿನ ಕಾಯಿಲ್ ಸುಣ್ಣಗಟ್ಟುತ್ತದೆ. ಉಳಿದದ್ದನ್ನು ಗಾಳಿ, ಧೂಳು ನೋಡಿಕೊಳ್ಳುತ್ತವೆ. ಈಗ ಆ ಕಾಗದದ ಕೊನೆಯ ಪುಟ ಓದಿ: ಅನ್ವಯಿಸದ ಪ್ರಸಂಗಗಳು. ವೋಲ್ಟೇಜ್ ಏರಿಳಿತ, ಇಲಿ-ಹೆಗ್ಗಣ-ಕೀಟ, ನೀರಿನ ಗುಣ, ತುಕ್ಕು, ಧೂಳು, ಜೊತೆಗೆ ರಬ್ಬರು, ಗಾಜು, ಪ್ಲಾಸ್ಟಿಕ್ಕು, ಬಲ್ಬು. ಪಟ್ಟಿ ಬರೆದ ಪುಣ್ಯಾತ್ಮ ಚಳ್ಳಕೆರೆಯಲ್ಲಿ ಒಂದು ಬೇಸಿಗೆ ನಮ್ಮ ಮನೆಯಲ್ಲೇ ಉಳಿದು ಹೋಗಿರಬೇಕು. ಇದೆಲ್ಲ ಕಳೆದು ಉಳಿಯುವ ಕಾಯಿಲೆ ಯಾವುದು ಎಂದು ನಾನು ತುಂಬ ಯೋಚಿಸಿದ್ದೇನೆ. ಯಂತ್ರ ಬೇಸರದಿಂದ ತಾನಾಗಿ ನಿಂತುಹೋದರೆ ಕೊಡುತ್ತಾರೇನೋ.

ನನ್ನ ಷಡ್ಡಕರೊಬ್ಬರು ಮೊಳಕಾಲ್ಮುರಿನ ಕಡೆಯವರೇ. ವಾಷಿಂಗ್ ಮೆಷಿನ್ನಿಗೆ ಈ ವಾರಂಟಿ ಮಾಡಿಸಿದ್ದರು. ಮೆಷಿನ್ನು ಎರಡನೇ ವರ್ಷ ನಿಂತಿತು. ಅಪರೂಪಕ್ಕೆ ವಾರಂಟಿಯ ಒಳಗೇ ನಿಂತಿತಲ್ಲ ಎಂದು ಅವರಿಗೆ ಸಂತೋಷವೇ ಆಯಿತು. ಫೋನ್ ಹಚ್ಚಿದರು. ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ. ಕೊನೆಗೆ ಸಿಕ್ಕ ಹುಡುಗಿ ಪಿನ್ ಕೋಡ್ ಕೇಳಿದಳು. 577 ಎಂದು ಶುರುವಾದದ್ದೇ ತಡ, "ಶಿವಮೊಗ್ಗ?" ಎಂದಳು. 577 ಶಿವಮೊಗ್ಗೆಗೂ ಉಂಟು, ದಾವಣಗೆರೆಗೂ ಉಂಟು, ನಮಗೂ ಉಂಟು. ಅಂಚೆ ಇಲಾಖೆಗೆ ಮಲೆನಾಡು, ಬಯಲುಸೀಮೆ ಎಂಬ ಭೇದವಿಲ್ಲ. ಚಿತ್ರದುರ್ಗದ ಕೇಂದ್ರದವರು "ನಿಮ್ಮೂರು ಬಳ್ಳಾರಿಗೆ ಹತ್ತಿರ, ಅಲ್ಲಿ ಕೇಳಿ" ಎಂದರು. ಬಳ್ಳಾರಿಯವರು "ನಿಮ್ಮ ಜಿಲ್ಲೆ ಚಿತ್ರದುರ್ಗ, ಅಲ್ಲಿ ಕೇಳಿ" ಎಂದರು. ಇಬ್ಬರೂ ಹೇಳಿದ್ದು ಸತ್ಯವೇ. ಆ ಕಡೆ ನಾಲ್ಕು ಕಂಪ್ಲೇಂಟು ಒಟ್ಟಿಗೆ ಸೇರಿದರೆ ಹುಡುಗನನ್ನು ಕಳಿಸುತ್ತೇವೆ ಎಂಬುದು ಅಂತಿಮ ತೀರ್ಪು. ಷಡ್ಡಕರು ಬೀದಿಯಲ್ಲಿ ಅದೇ ಮೆಷಿನ್ ಇಟ್ಟುಕೊಂಡ ಇನ್ನು ಮೂವರದು ಯಾವಾಗ ಕೆಡುವುದೋ ಎಂದು ವಿಚಾರಿಸಿಕೊಂಡು ತಿರುಗಿದರು.

ಕಡೆಗೆ ರಾಯದುರ್ಗದಿಂದ ಒಬ್ಬ ಮೆಕ್ಯಾನಿಕ್ ಬಂದ. ಗಡಿ ದಾಟಿದರೆ ಆಂಧ್ರ. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಯಂತ್ರವನ್ನು ಬೈದು, ಒಂದು ಬೆಲ್ಟ್ ಹಾಕಿ, 350 ರೂಪಾಯಿ ಇಸಿದುಕೊಂಡು, ಕಾಫಿ ಕುಡಿದು ಹೋದ. ಮೆಷಿನ್ನು ಈಗಲೂ ತಿರುಗುತ್ತಿದೆ. ಇದಾದ ಮೇಲೆ ಕಂಪನಿಯ ಹುಡುಗ ಬಂದ. ಅನಧಿಕೃತರು ಮುಟ್ಟಿದ್ದಾರೆ, ವಾರಂಟಿ ರದ್ದು ಎಂದ. ಎಲ್ಲ ಮಡಿಯೂ ಹೋಯಿತು ಎಂದುಕೊಂಡಿದ್ದೆವು, ಬಿಚ್ಚಿದ ಸ್ಕ್ರೂವಿನಲ್ಲಿ ಉಳಿದುಕೊಂಡಿದೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸಿದ ಸೀಮೆ ಇದು. ಮಾಡಿದಷ್ಟು ನೀಡು ಭಿಕ್ಷೆ ಎಂಬ ಅವರ ಮಾತು ಇಲ್ಲಿ ಕೂಲಿಗೂ ನ್ಯಾಯಕ್ಕೂ ಅಳತೆ. ರಾಯದುರ್ಗದವನು ಆ ಪಂಥ. ವಾರಂಟಿಯವರದು ಭಿಕ್ಷೆ ಮೊದಲು, ಮಾಡುವುದು ನೋಡೋಣ.

ಹಾಗೆಂದು ಮುಂಗಡ ದುಡ್ಡು ಕಟ್ಟುವುದೆಲ್ಲ ದಂಡ ಎನ್ನುವವನು ನಾನಲ್ಲ. ಚಳ್ಳಕೆರೆ ಶೇಂಗಾದ ಊರು. ಎಣ್ಣೆ ಮಿಲ್ಲುಗಳಿಂದ ಹೆಸರು ಮಾಡಿದ್ದು. ಅದೇ ತಾಲ್ಲೂಕು ರಾಜ್ಯದಲ್ಲಿ ತೀರ ಕಡಿಮೆ ಮಳೆ ಕಾಣುವ ಜಾಗಗಳಲ್ಲೊಂದು. ಇಲ್ಲಿ ಮುಂಗಾರಿನ ಶೇಂಗಾಕ್ಕೆ ಫಸಲ್ ಬಿಮಾ ಕಟ್ಟದವನನ್ನು ಮನೆಯವರೇ ಬಯ್ಯುತ್ತಾರೆ. 2016ರಲ್ಲಿ ಬಂದ ಆ ಯೋಜನೆಯಲ್ಲಿ ಮುಂಗಾರು ಬೆಳೆಗೆ ರೈತ ಕಟ್ಟಬೇಕಾದದ್ದು ವಿಮಾ ಮೊತ್ತದ ಶೇಕಡಾ 2 ಮಾತ್ರ, ಮಿಕ್ಕದ್ದು ಸರ್ಕಾರಗಳದು. ಮಳೆ ತಪ್ಪಿ ಹೊಲ ಒಣಗಿದರೆ ಒಂದು ವರ್ಷದ ಬಾಳೇ ಹೋಯಿತು. ಬೀಜ, ಗೊಬ್ಬರ, ಸಾಲ, ಮಗಳ ಫೀಜು ಎಲ್ಲ ಹೋಯಿತು. ಅಂಥ ಪೆಟ್ಟಿಗೆ ವಿಮೆ ಬೇಕು. ಆ ದುಡ್ಡು ಸಮಯಕ್ಕೆ ಬರುತ್ತದೆಯೇ ಎಂಬುದನ್ನು ಲಲಿತ ಪ್ರಬಂಧದಲ್ಲಿ ಬರೆಯಲಾಗದು. ಮಿಕ್ಸಿ ಕೆಟ್ಟರೆ ಏನಾಗುತ್ತದೆ? ಹಿತ್ತಲ ಒರಳು ತೊಳೆಯಬೇಕಾಗುತ್ತದೆ. ಚಟ್ನಿ ಇನ್ನೂ ರುಚಿಯಾಗುತ್ತದೆ. ಇಸ್ತ್ರಿಪೆಟ್ಟಿಗೆಗೂ ಕೆಟಲ್ಲಿಗೂ ವಾರಂಟಿ ಮಾಡಿಸುವವರಿದ್ದಾರೆ. ಅವರ ಮನೆಯಲ್ಲಿ ಪೊರಕೆಗೂ ನಾಮಿನಿ ಇರಬಹುದು.

ಇದು ನಮ್ಮ ಸೀಮೆಯ ರೋಗವೊಂದೇ ಅಲ್ಲ. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ಎಷ್ಟೋ ವರ್ಷಗಳಿಂದ ಇದು ಹೆಚ್ಚಿನವರಿಗೆ ಬೇಡದ ಖರ್ಚು ಎನ್ನುತ್ತ ಬಂದಿದೆ. ಬ್ರಿಟನ್ನಿನವರು 2005ರಲ್ಲಿ ಕಾನೂನೇ ಮಾಡಿದರು: ಅಂಗಡಿಯವರು ವಾರಂಟಿಯ ಬೆಲೆಯನ್ನು ಎದ್ದು ಕಾಣುವಂತೆ ಹಾಕಬೇಕು, ಕೊಂಡವರು 45 ದಿನದೊಳಗೆ ಮನಸ್ಸು ಬದಲಿಸಿದರೆ ದುಡ್ಡು ವಾಪಸು. ದಾಕ್ಷಿಣ್ಯ ಇಳಿಯಲು 45 ದಿನ ಸಾಕು ಎಂದು ಅವರ ಅಂದಾಜು. ನಮ್ಮಲ್ಲಿ ಅಂಥ ನಿಯಮವಿಲ್ಲದಿದ್ದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ವಾರಂಟಿ ತೆಗೆದುಕೊಂಡರಷ್ಟೇ ಟಿವಿ ಕೊಡುತ್ತೇವೆ ಎಂದು ಗಂಟು ಹಾಕುವಂತಿಲ್ಲ. 5 ಲಕ್ಷದವರೆಗಿನ ಸರಕಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಲು ಶುಲ್ಕವೇ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು. ಅದಕ್ಕೂ ಮುಂಚೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಬಹುದು. ಕಂತಿನಲ್ಲಿ ಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಕಂತಿನ ಲೆಕ್ಕದೊಳಗೆ ವಾರಂಟಿಯನ್ನು ಸದ್ದಿಲ್ಲದೆ ಸೇರಿಸಿಬಿಡುವ ಚಾಳಿ ಉಂಟು. ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಬೇರೆ.

ಯಾವುದಕ್ಕೂ ಬೇಡವೇ ಎಂದರೆ, ಒಂದೆರಡಕ್ಕೆ ಯೋಚಿಸಬಹುದು. ದೊಡ್ಡ ಟಿವಿಯ ಪ್ಯಾನಲ್ ಹೋದರೆ ಅದರ ಬೆಲೆ ಹೊಸ ಟಿವಿಯ ಹತ್ತಿರಕ್ಕೆ ಬರುತ್ತದೆ. ಇನ್ವರ್ಟರ್ ಎ.ಸಿ.ಯ ಬೋರ್ಡೂ ಅಗ್ಗದ್ದಲ್ಲ. ಅಲ್ಲಿಯೂ ಅಂಗಡಿಯವನ ಕಾಗದ ಬೇಡ, ತಯಾರಕ ಕಂಪನಿಯದೇ ಇರಲಿ. ರಿಪೇರಿಗೆ ಬರುವವನು ಯಾವ ಊರಿನಿಂದ ಬರುತ್ತಾನೆ ಎಂದು ಕೇಳಿ, ಉತ್ತರ ತಡವರಿಸಿದರೆ ಎದ್ದು ಬನ್ನಿ. ಉಳಿದವಕ್ಕೆ ಆ ದುಡ್ಡನ್ನು ಒಳ್ಳೆಯ ಸ್ಟೆಬಿಲೈಸರಿಗೆ ಹಾಕುವುದೇ ಮೇಲು. ನಮ್ಮೂರ ಕರೆಂಟಿಗೆ ಅದೇ ನಿಜವಾದ ಕವಚ.

ಬಾಳಿಕೆಯ ಮಾತು ಬಂದಾಗ ಮೊಳಕಾಲ್ಮುರು ತಾಲ್ಲೂಕಿನವರು ಯಾರಿಗೂ ತಲೆಬಾಗಬೇಕಿಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರೂ ಕಡೆ ಅಶೋಕನ ಬಂಡೆ ಶಾಸನಗಳಿವೆ. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಅವನ್ನು ಪತ್ತೆ ಮಾಡುವ ಹೊತ್ತಿಗೆ ಎರಡು ಸಾವಿರ ವರ್ಷ ದಾಟಿತ್ತು. ಬರೆದವನು ಚಪಡ ಎಂಬ ಲಿಪಿಕಾರ, ರುಜುವಿನಲ್ಲಿ ಒಂದು ಪದವನ್ನು ಬೇರೆ ಲಿಪಿಯಲ್ಲಿ ಹಾಕಿದ್ದಾನೆ. ಈ ಕೆಲಸ ಬಹುಕಾಲ ನಿಲ್ಲಲಿ ಎಂಬ ಆಶಯವೂ ಆ ಶಾಸನದಲ್ಲೇ ಇದೆ, ಮತ್ತು ನಿಂತಿದೆ. ಬಂಡೆಯ ಮೇಲೆ ಸಣ್ಣ ಅಕ್ಷರದ ಷರತ್ತು ಒಂದೂ ಇಲ್ಲ. ಮಳೆ, ಗಾಳಿ, ಹಲ್ಲಿ ಯಾವುದನ್ನೂ ಚಪಡ ಹೊರಗಿಟ್ಟಿಲ್ಲ.

ಅಂಗಡಿಯ ಬಿಲ್ಲಿನ ಕಥೆ ಬೇರೆ. ಅದು ಥರ್ಮಲ್ ಕಾಗದ. ಬಿಸಿಲು, ಶಾಖ, ಪ್ಲಾಸ್ಟಿಕ್ ಕವರು ಮೂರೂ ಅದಕ್ಕೆ ಆಗವು. ನಮ್ಮ ಒಂದು ಬೇಸಿಗೆಗೆ ಅಕ್ಷರ ಮಾಸಿ ಬರೀ ಬಿಳಿ ಚೀಟಿ ಕೈಗೆ ಬರುತ್ತದೆ. ಕಂಪನಿ ಪುಕ್ಕಟೆ ಕೊಟ್ಟ ವಾರಂಟಿಯೂ ಆ ಚೀಟಿಯ ಜೊತೆಗೇ ಮಾಯ, ಏಕೆಂದರೆ ಬಿಲ್ ಇಲ್ಲದೆ ಯಾರೂ ಮಾತಾಡಿಸುವುದಿಲ್ಲ. ಹೆಚ್ಚುವರಿ ವಾರಂಟಿ ಕೊಳ್ಳುವುದು ಬಿಡುವುದು ನಿಮಗೆ ಬಿಟ್ಟದ್ದು. ನಿಮ್ಮ ಮನೆಯ ಫ್ರಿಜ್ಜಿನ ಬಿಲ್ಲನ್ನು ಮಾತ್ರ ಇವತ್ತೇ ಹುಡುಕಿ, ಎರಡು ರೂಪಾಯಿ ಕೊಟ್ಟು ಜೆರಾಕ್ಸ್ ಮಾಡಿಸಿಡಿ.